ನನಗೆ ಸಾಕು ಇನ್ನೊಂದು ಮೇಕೆ

ಮಾರ್ಚ್ 2, 1937, ಮಂಗಳವಾರ

ಹಾಲಿವುಡ್ಡಿನ ಹಾಲಿಹಾಕ್ ಸ್ಟುಡಿಯೋದ ಅಧಿಕೃತ ತುಟಿಗಾವಲುಗಾರ್ತಿಯಾದ ಓಪಲ್ ಟ್ರಿಂಬಲ್ ಎಂಬ ನಾನು, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ ಈ ದಿನಚರಿಯನ್ನು ಆರಂಭಿಸುತ್ತಿದ್ದೇನೆ. ಇದನ್ನು ನನ್ನ ಹೊರತು ಯಾರೂ ಓದತಕ್ಕದ್ದಲ್ಲ. ಓದಿದವರ ಮೂಗಿನ ಮೇಲೆ ಕುರು ಏಳಲಿ.

ಹುದ್ದೆಯ ಘನತೆಯ ಬಗ್ಗೆ ಎರಡು ಮಾತು. ಹಾಡಿನ ಚಿತ್ರೀಕರಣದಲ್ಲಿ ಯಾರೂ ಹಾಡುವುದಿಲ್ಲ. ಹಾಡು ಮೊದಲೇ ಗ್ರಾಮಫೋನ್ ಪ್ಲೇಟಿಗೆ ಇಳಿದಿರುತ್ತದೆ. ನನ್ನ ಗೆಳತಿ ಹೇಝಲ್ ಪ್ಲೇಟು ಹಾಕುತ್ತಾಳೆ, ತಾರೆಗಳು ಬಾಯಿ ಆಡಿಸುತ್ತಾರೆ, ನಾನು ಕ್ಯಾಮೆರಾದ ಪಕ್ಕ ಸ್ಟೂಲಿನ ಮೇಲೆ ಕೂತು ತುಟಿ ಪ್ಲೇಟಿಗಿಂತ ಮುಂದೆ ಓಡಿತೋ ಹಿಂದೆ ಬಿತ್ತೋ ನೋಡುತ್ತೇನೆ. ತಪ್ಪಿದರೆ ಕೈ ಎತ್ತುತ್ತೇನೆ. ನಾನು ಕೈ ಎತ್ತಿದರೆ ಅಷ್ಟೂ ನರ್ತಕಿಯರು ಮತ್ತೆ ಮೆಟ್ಟಿಲು ಹತ್ತಬೇಕು. ಇದಕ್ಕಿಂತ ಕಡಿಮೆ ಅಧಿಕಾರದಲ್ಲಿ ಕೆಲವರು ರಾಜ್ಯವಾಳಿದ್ದಾರೆ.

ಈ ವಿದ್ಯೆ ಅಜ್ಜಿಯ ಕೊಡುಗೆ. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅವಳೊಂದಿಗೆ ಸದ್ದಿಲ್ಲದೆ ತುಟಿಯಲ್ಲೇ ಮಾತಾಡಿ ಮಾತಾಡಿ, ಕೊನೆಗೆ ನಾವೆಲ್ಲ ಅವಳು ಮನೆಯಲ್ಲಿಲ್ಲದಾಗಲೂ ಹಾಗೆಯೇ ಜಗಳವಾಡುತ್ತಿದ್ದೆವು. ನಮ್ಮ ಮನೆ ಬಹಳ ಶಾಂತವಾದದ್ದು ಎಂದು ಅಕ್ಕಪಕ್ಕದವರು ಹೊಗಳುತ್ತಿದ್ದರು.

ಇವತ್ತಿನ ಸತ್ಕಾರ್ಯ: ಹೇಝಲ್‌ಳ ಕಣ್ಣು ತಪ್ಪಿಸಿ ಪ್ಲೇಟು ಬದಲಾಯಿಸಿದೆ. ಲಯನೆಲ್ ಫೇರ್, ಅಂದರೆ ಆ ರೇಷ್ಮೆ ಟೋಪಿ, ಬೆಳ್ಳಿ ಹಿಡಿಯ ಕೋಲು, ದೇಶದ ಅರ್ಧ ಹೆಂಗಸರ ನಿಟ್ಟುಸಿರು, ಮೆಟ್ಟಿಲ ಮೇಲೆ ನಿಂತು ಬಾಯಿ ತೆರೆದರೆ ಹೊರಟದ್ದು ಅವನ ಜೋಡಿ ಫ್ಲೋರಿಂಡಾ ವೇಲ್‌ಳ ಕೀರಲು ದನಿ. ‘ನಾನಿನ್ನೂ ಮೊಗ್ಗು, ಮುಟ್ಟದಿರು ದುಂಬಿಯೇ.’ ಅವನು ನಿಲ್ಲಿಸಲಿಲ್ಲ. ರೆಪ್ಪೆ ಬಡಿಯುತ್ತ, ನಾಚುತ್ತ, ಇಡೀ ಹಾಡನ್ನು ಒಂದಕ್ಷರವೂ ತಪ್ಪದೆ ಮುಗಿಸಿದ. ಕೈ ಎತ್ತಲು ನನಗೆ ಕಾರಣವೇ ಸಿಗಲಿಲ್ಲ. ಆಮೇಲೆ ನೇರವಾಗಿ ನನ್ನತ್ತ ತಿರುಗಿ ಟೋಪಿ ತೆಗೆದು ಬಾಗಿದ.

ಸೊಕ್ಕಿನ ಮನುಷ್ಯ.

ಮಾರ್ಚ್ 5, ಶುಕ್ರವಾರ

ಕ್ಯಾಂಟೀನಿನಲ್ಲಿ ಹೇಝಲ್‌ಗೆ ಮನರಂಜನೆ ಒದಗಿಸುತ್ತಿದ್ದೆ. ದೂರದ ಮೇಜಿನವರ ತುಟಿಗೆ ನಾನು ದನಿ ಕೊಡುವುದು, ಅವಳು ಸೂಪು ಉಗುಳುವುದು, ಇದು ನಮ್ಮ ಮಧ್ಯಾಹ್ನದ ಪ್ರಾರ್ಥನೆ. ನಿರ್ದೇಶಕರು ಆಲೂಗಡ್ಡೆ ಸಲಾಡಿಗೆ ಪ್ರೇಮನಿವೇದನೆ ಮಾಡುವ ಘಟ್ಟದಲ್ಲಿ ಹಿಂದಿನಿಂದ ಕೆಮ್ಮು ಕೇಳಿಸಿತು. ಹೋರೇಸ್ ಬಿಬ್.

ಬಿಬ್ ನಮ್ಮ ಪ್ರಚಾರ ವಿಭಾಗದ ಮುಖ್ಯಸ್ಥರು. ತಾರೆಗಳ ಖಾಸಗಿ ಬದುಕನ್ನು ತಯಾರಿಸುವುದು ಅವರ ಕೆಲಸ. ತಾರೆಗಳು ಅದನ್ನು ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳುತ್ತಾರೆ. ಲಯನೆಲ್‌ಗೆ ಗುಲಾಬಿ ತೋಟವಿದೆ ಎಂದು ಅವರೇ ಬರೆದದ್ದು, ಫ್ಲೋರಿಂಡಾಳಿಗೆ ಹತ್ತೊಂಬತ್ತು ವರ್ಷ ಎಂದು ಅವರೇ ಬರೆದದ್ದು, ಮೂರು ವರ್ಷದಿಂದ ಅದನ್ನೇ ಬರೆಯುತ್ತಿರುವುದು, ಆ ಇಬ್ಬರ ನಡುವೆ ಪ್ರೇಮ ಕುಡಿಯೊಡೆದಿದೆ ಎಂದೂ ಅವರೇ ಬರೆದದ್ದು.

“ಏನಮ್ಮಾ ಟ್ರಿಂಬಲ್, ನಿಜವಾಗ್ಲೂ ಓದೋಕೆ ಬರುತ್ತೋ, ಬರೀ ಕೋತಿಯಾಟವೋ?”

“ಎರಡೂ ಬರುತ್ತೆ ಸರ್.”

“ಹಂಗಾದ್ರೆ ನಾಳೆಯಿಂದ ಆ ಕಂಬದ ಪಕ್ಕ ಕೂತ್ಕೋ. ನಮ್ಮ ಪ್ರೇಮಿಗಳು ಏನೇನು ಮಾತಾಡ್ಕೋತಾರೋ ದಿನಾ ಬಂದು ನನಗೆ ಹೇಳು.”

“ಆ ಪ್ರೇಮ ನೀವೇ ಬರೆದಿದ್ದಲ್ವಾ ಸರ್?”

“ಬರೆದೋನಿಗೂ ಅದು ಎಲ್ಲಿವರೆಗೆ ಬಂತು ಅಂತ ಗೊತ್ತಿರ್ಬೇಕಲ್ಲಮ್ಮ.”

ಹೀಗೆ ನಾನು ಗೂಢಚಾರಳಾಗಿ ನೇಮಕಗೊಂಡೆ. ಹೆಸರಾಂತ ಗೂಢಚಾರರಿಗೆ ಹಣ್ಣು ತುಂಬಿದ ಪೈ ಬಿಟ್ಟಿ ಸಿಗುತ್ತಿತ್ತೇ? ನನಗೆ ಸಿಗುತ್ತದೆ. ಚೆರ್ರಿಯದು.

ಮಾರ್ಚ್ 9, ಮಂಗಳವಾರ

ತಾರೆಗಳ ಗುಟ್ಟಿನ ಮಾತುಕತೆ ಎಷ್ಟು ನೀರಸ ಎಂದು ತಿಳಿದರೆ ದೇಶದಲ್ಲಿ ಅರ್ಧ ಪತ್ರಿಕೆಗಳು ಮುಚ್ಚಿಹೋಗುತ್ತವೆ. ಸೋಮವಾರ: ಕಾಲಿನ ಆಣಿ. ಇಂದು: ಮತ್ತೆ ಕಾಲಿನ ಆಣಿ, ಅದಕ್ಕೆ ಸಾಸಿವೆ ನೀರು.

ಆದರೆ ಕೊನೆಯಲ್ಲಿ ಒಂದು ರತ್ನ ಉದುರಿತು. ಲಯನೆಲ್ ಫ್ಲೋರಿಂಡಾಳ ಕಡೆ ಬಾಗಿ ಬಹಳ ಗಂಭೀರವಾಗಿ ನುಡಿದದ್ದು ಇದು:

‘ನನಗೆ ಸಾಕು ಇನ್ನೊಂದು ಮೇಕೆ.’

ಮೂರು ಸಲ ಮನಸ್ಸಿನಲ್ಲೇ ಓದಿಕೊಂಡೆ. ಅನುಮಾನವಿಲ್ಲ. ಬಿಬ್‌ಗೆ ವರದಿ ಒಪ್ಪಿಸಿದೆ.

“ಮೇಕೆ ಸಾಕು ಅಂದ್ನಾ?”

“ಹೌದು ಸರ್. ಫ್ಲೋರಿಂಡಾ ಅವರಿಗೆ ಹೇಳಿದ್ದು.”

“ಇನ್ನೊಂದು ಅಂದ್ರೆ, ಮೊದಲನೇದು ಎಲ್ಲಿದೆ?”

“ಅದನ್ನ ಹೇಳ್ಲಿಲ್ಲ ಸರ್. ಬಹುಶಃ ದುಃಖದ ವಿಷಯ.”

ಬಿಬ್ ಅವರ ಕಣ್ಣಲ್ಲಿ ನೀರಾಡಿತು. ಅವರಿಗೆ ಸುದ್ದಿ ಸಿಕ್ಕಾಗ ಹಾಗಾಗುತ್ತದೆ.

ಮಾರ್ಚ್ 11, ಗುರುವಾರ

ಎಲ್ಲ ಪತ್ರಿಕೆಗಳಲ್ಲೂ ಬಂದಿದೆ: ‘ಕಳೆದುಹೋದ ಮೇಕೆಗಾಗಿ ಲಯನೆಲ್ ಫೇರ್ ಮರುಗು. ಬಾಲ್ಯದ ಸಂಗಾತಿಯ ನೆನಪಿನಲ್ಲಿ ಗುಲಾಬಿ ತೋಟದಲ್ಲಿ ಏಕಾಂತ.’ ಹನ್ನೊಂದು ಗಂಟೆಗೆ ಛಾಯಾಗ್ರಾಹಕರ ಮುಂದೆ ಬಿಬ್ ಅವನಿಗೆ ಹೊಸ ಮೇಕೆಯೊಂದನ್ನು ಕಾಣಿಕೆಯಾಗಿ ಕೊಟ್ಟರು. ಬಿಳಿ ಮೇಕೆ, ಕೊರಳಿಗೆ ನೀಲಿ ರಿಬ್ಬನ್ನು. ಲಯನೆಲ್ ಮುಖದಲ್ಲಿ ಮೂಡಿದ ದಿಗ್ಭ್ರಮೆಯನ್ನು ‘ಮಾತು ಹೊರಡದ ಆನಂದ’ ಎಂದು ಸಂಜೆಯ ಪತ್ರಿಕೆ ಕರೆದಿದೆ. ಮೇಕೆ ಅವನ ರೇಷ್ಮೆ ಟೋಪಿಯ ಅಂಚು ತಿಂದಿತು.

ನಾನು ಬಹಳ ನಕ್ಕೆ. ಇಂಥ ಫಲವತ್ತಾದ ದಿನಗಳು ಜೀವನದಲ್ಲಿ ಕಡಿಮೆ.

ಮಾರ್ಚ್ 15, ಸೋಮವಾರ

ಸ್ಟೂಲಿನ ಮೇಲೆ ಕೂತು ಸೇಬು ತಿನ್ನುತ್ತಿದ್ದೆ. ಎದುರಿಗೆ ಲಯನೆಲ್ ಬಂದು ನಿಂತ. ಹಗ್ಗ, ಹಗ್ಗದ ತುದಿಗೆ ಮೇಕೆ.

“ನೀವೇ ಏನ್ರೀ ತುಟಿ ಓದಿ ಚಾಡಿ ಹೇಳೋರು?”

“ಯಾರು ಹೇಳಿದ್ದು?”

“ಮೇಕೆ ಹೇಳ್ತು.”

ಆಮೇಲೆ ನಡೆದ ವಿಚಾರಣೆಯಲ್ಲಿ ಸತ್ಯ ಹೊರಬಿತ್ತು. ಆ ಮಂಗಳವಾರ ಅವನ ಕೈಯಲ್ಲಿ ಡೋನಟ್ ತಟ್ಟೆ ಇತ್ತಂತೆ. ಫ್ಲೋರಿಂಡಾಳಿಗೆ ಹೇಳಿದ್ದು, ‘ನನಗೆ ಸಾಕು. ಇನ್ನೊಂದು ಬೇಕೆ?’

ನಾನು ಶಾಸ್ತ್ರೋಕ್ತವಾಗಿ ವಿವರಿಸಿದೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ದನಿಯಿಲ್ಲದೆ ನೋಡಿದರೆ ಮೂವರೂ ತ್ರಿವಳಿಗಳು, ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ನನ್ನಜ್ಜಿ ಕೂಡ ಒಮ್ಮೆ ಪಾದ್ರಿ ‘ಬನ್ನಿ’ ಅಂದದ್ದನ್ನು ಬೇರೇನೋ ಎಂದು ಓದಿಕೊಂಡು ಅವರನ್ನು ಪೊರಕೆಯಲ್ಲಿ ಅಟ್ಟಿದ್ದಳು.

“ಅದೂ ಅಲ್ದೆ ಇದು ನಿಮ್ಮದೇ ತಪ್ಪು. ಮನುಷ್ಯರು ಡೋನಟ್ ಬೇಕಾ ಅಂತಾರೆ. ಬೇಕೆ ಅಂತ ಯಾರಂತಾರೆ?”

“ಉಚ್ಚಾರಣೆ ಮೇಷ್ಟ್ರನ್ನ ಇಟ್ಟು ಎರಡು ವರ್ಷ ತಿದ್ದಿದಾರೆ ಕಣ್ರೀ. ನಿಜದಲ್ಲಿ ನಾನು ನೆಬ್ರಾಸ್ಕಾ ಹಳ್ಳಿಯ ಎಲ್ಮರ್ ಗಬ್. ನಂಗೂ ಬೇಕಾ ಅನ್ನೋಕೆ ಆಸೆ. ಸಂಬಳ ಕೊಡೋರು ಬಿಡಲ್ಲ.”

“ಹಾಗಾದ್ರೆ ಮೇಕೇನ ವಾಪಸ್ ಕೊಟ್ಬಿಡಿ.”

ಅವನು ಮೇಕೆಯ ಕಿವಿ ಸವರಿದ. “ಹೆಂಗೆ ಕೊಡೋದು? ಹೆಸರಿಟ್ಟಾಯ್ತು. ಗಬ್ ಅಂತ. ಈ ಊರಲ್ಲಿ ನಮ್ಮ ಮನೆತನದ ಹೆಸರು ಹೇಳೋಕೆ ಒಬ್ಬರಾದ್ರೂ ಇರ್ಲಿ ಅಂತ.”

ಹೋಗುವಾಗ ಕೇಳಿದ, ಇದನ್ನೆಲ್ಲ ಎಲ್ಲಾದರೂ ಬರೆದಿಡುತ್ತೀರಾ ಎಂದು. ದಿನಚರಿಯಲ್ಲಿ ಬರೆಯುತ್ತೇನೆ ಎಂದೆ.

“ಅದರಲ್ಲಿ ನಾನಿದೀನಾ?”

“ಮೇಕೆ ಇದೆ. ಅದರ ಹಿಂದೆ ಹಗ್ಗ ಹಿಡ್ಕೊಂಡು ನೀವೂ ಇದೀರ.”

ಮಾರ್ಚ್ 18, ಗುರುವಾರ

ಕಂಬದ ಪಕ್ಕ. ಚೆರ್ರಿ ಪೈ.

ಫ್ಲೋರಿಂಡಾ ಅತ್ತಿತ್ತ ನೋಡಿ ಲಯನೆಲ್‌ಗೆ ಹೇಳಿದಳು: ‘ಮಗೂಗೆ ಹಲ್ಲು ಬಂತು ಕಣೋ ಎಲ್ಮರ್. ವಾಲ್ಟ್ ರಾತ್ರಿಯೆಲ್ಲ ಎತ್ಕೊಂಡೇ ಕೂತಿದ್ದ.’

ಪೈ ಬದಿಗಿಟ್ಟೆ. ಇನ್ನಷ್ಟು ಓದಿದೆ. ವಾಲ್ಟ್ ಎಂದರೆ ಗಂಡ. ಇಲ್ಲೇ ಪಕ್ಕದ ಗ್ಲೆಂಡೇಲಿನಲ್ಲಿ ನಲ್ಲಿ ರಿಪೇರಿ ಮಾಡುತ್ತಾನೆ. ಮದುವೆಯಾಗಿ ಎರಡು ವರ್ಷವಾಗಿದೆ. ಕಳೆದ ವರ್ಷ ಫ್ಲೋರಿಂಡಾ ‘ಸ್ವಿಟ್ಜರ್ಲೆಂಡಿನಲ್ಲಿ ಹಿಮದ ವಿಹಾರ’ಕ್ಕೆ ಹೋಗಿದ್ದಳಲ್ಲ, ಆಗ ಅವಳು ಗ್ಲೆಂಡೇಲಿನಲ್ಲೇ ಹೆರಿಗೆಗೆ ಹೋಗಿದ್ದಳು.

ಅಪ್ಪಣೆಯಿಲ್ಲದೆ ಮದುವೆಯಾದರೆ ಮನೆಗೆ ಕಳಿಸುತ್ತೇವೆ ಎಂದು ಅವಳ ಕರಾರಿನಲ್ಲೇ ಇದೆ. ಮೊಗ್ಗು ಎಂದು ಹಾಡುವವಳಿಗೆ ಮಗುವಿದೆ ಎಂದು ಗೊತ್ತಾದರೆ ಬೇರೆ ಯಾವ ಸ್ಟುಡಿಯೋವೂ ಬಾಗಿಲು ತೆರೆಯುವುದಿಲ್ಲ.

ಇಂಥ ಸುದ್ದಿ ತಂದವಳಿಗೆ ಬಿಬ್ ಇಡೀ ಪೈ ಅಂಗಡಿಯನ್ನೇ ಬರೆದುಕೊಡುತ್ತಾರೆ. ಅವರ ಕೋಣೆಗೆ ಹೋದೆ.

“ಏನಂದ್ರಮ್ಮ ಇವತ್ತು?”

“ಹಲ್ಲು ಬಂತು ಅಂದ್ರು ಸರ್.”

“ಯಾರಿಗೆ?”

“ಮೇಕೆಗೆ.”

ಹೇಗೆ ಹೊರಬಿತ್ತೋ ತಿಳಿಯದು. ಬಹುಶಃ ಮಜಾ ಇರಲಿ ಎಂದು. ಒಳ್ಳೆಯತನ ಎಂದು ಯಾರೂ ತಪ್ಪು ತಿಳಿಯಬಾರದು.

ಮಾರ್ಚ್ 20, ಶನಿವಾರ

‘ಮೇಕೆಯ ಹಲ್ಲಿಗಾಗಿ ನಿದ್ದೆಗೆಟ್ಟ ತಾರಾ ಜೋಡಿ.’ ಪತ್ರಿಕೆಯಲ್ಲಿ ಗಬ್‌ನ ಬಾಯಿಯ ದೊಡ್ಡ ಚಿತ್ರ. ಕೆಳಗಿನ ಸಾಲಿನಲ್ಲಿ ಎಂಟೂ ಹಲ್ಲುಗಳು ಅಮೋಘವಾಗಿವೆ.

ಕ್ಯಾಂಟೀನಿನ ಆ ತುದಿಯಿಂದ ಲಯನೆಲ್ ಪತ್ರಿಕೆ ಎತ್ತಿ ತೋರಿಸಿದ. ಆಮೇಲೆ ಸದ್ದಿಲ್ಲದೆ, ಅಜ್ಜಿಗೆ ಹೇಳುವಷ್ಟು ನಿಧಾನವಾಗಿ, ನನಗೆಂದೇ ತುಟಿ ಆಡಿಸಿದ: ‘ದೊಡ್ಡ ಉಪಕಾರ ಆಯ್ತು.’

ನಾನು ಕೈ ಎತ್ತಿದೆ, ಸೆಟ್ಟಿನಲ್ಲಿ ತಪ್ಪಾದಾಗ ಎತ್ತುವ ಹಾಗೆ. ಅವನು ಮತ್ತೆ ಮೊದಲಿನಿಂದ ಹೇಳಿದ. ಮತ್ತೆ ಕೈ ಎತ್ತಿದೆ. ಹೀಗೆ ಐದಾರು ಸಲ ಹೇಳಿಸಿದೆ.

ಮಾರ್ಚ್ 26, ಶುಕ್ರವಾರ

ಈ ವಾರ ಬಿಬ್‌ಗೆ ಒಪ್ಪಿಸಿದ ವರದಿಗಳು: ಮೇಕೆಗೆ ಸಂಗೀತಜ್ಞಾನವಿದೆ. ಮೇಕೆಗೆ ಗುರುವಾರ ಮಂಕು ಕವಿಯುತ್ತದೆ. ಮೇಕೆ ಎಡಗಾಲಿನಿಂದ ಕುಣಿತ ಆರಂಭಿಸುತ್ತದೆ. ಮಗು ಅಂಬೆಗಾಲಿಟ್ಟ ದಿನ ಮೇಕೆ ಅಂಬೆಗಾಲಿಟ್ಟಿತು ಎಂದು ಹೇಳಿಬಿಟ್ಟೆ. ಬಿಬ್ ಒಂದು ಕ್ಷಣ ಯೋಚಿಸಿ, “ಮೊದಲಿಂದ್ಲೂ ನಾಲ್ಕು ಕಾಲಲ್ಲೇ ಅಲ್ವೇನಮ್ಮ ಅದು ನಡೆಯೋದು?” ಎಂದರು. “ಈಗ ಭಾವಪೂರ್ಣವಾಗಿ ನಡೀತಿದೆ ಸರ್” ಎಂದೆ. ಬರೆದುಕೊಂಡರು.

ಹೇಝಲ್ ಕೇಳಿದಳು, “ಏನೇ, ದಿನಾ ಪೌಡರ್ ಹಾಕ್ಕೊಂಡು ಬರ್ತಿದೀಯಲ್ಲ, ಯಾರಿಗೋಸ್ಕರ?”

“ಬಿಸಿಲು ಜಾಸ್ತಿ.”

“ಛಾವಣಿ ಕೆಳಗೆ?”

ಹೇಝಲ್‌ಗೆ ಬೇರೆ ಕೆಲಸವಿಲ್ಲ.

ಏಪ್ರಿಲ್ 1, ಗುರುವಾರ

ಊಟದ ಹೊತ್ತಿಗೆ ಲಯನೆಲ್ ಆ ತುದಿಯಿಂದ ಅವನ ಊರಿನ ಸೇತುವೆ, ಅದರ ಕೆಳಗೆ ಮೀನು ಹಿಡಿಯುತ್ತಿದ್ದ ಚಿಕ್ಕಪ್ಪ, ಚಿಕ್ಕಪ್ಪನ ಟೋಪಿಯನ್ನೇ ಹಿಡಿದುಕೊಂಡು ಹೋದ ಮೀನು, ಇವನ್ನೆಲ್ಲ ತುಟಿಯಲ್ಲೇ ಹೇಳಿದ. ಸೂಪು ತಣ್ಣಗಾಯಿತು.

ಸಂಜೆ ಬಸ್ಸಿನಲ್ಲಿ ನೆನಪಾಯಿತು: ಇವತ್ತು ಏಪ್ರಿಲ್ ಒಂದು. ಒಬ್ಬರನ್ನೂ ಬೇಸ್ತು ಬೀಳಿಸಲಿಲ್ಲ. ಬುದ್ಧಿ ಬಂದ ಮೇಲೆ ಹೀಗಾದದ್ದು ಇದೇ ಮೊದಲು. ನೆಗಡಿ ಬರುವ ಲಕ್ಷಣವಿರಬೇಕು.

ಏಪ್ರಿಲ್ 6, ಮಂಗಳವಾರ

ಕೆಟ್ಟ ಸುದ್ದಿ. ಬಿಬ್ ಅವರ ಕಲ್ಪನೆ ಮೇಕೆಯ ಬೆನ್ನೇರಿ ಬಹುದೂರ ಹೋಗಿದೆ. ಬರುವ ಶನಿವಾರ ನಮ್ಮ ಸ್ಟುಡಿಯೋದಿಂದಲೇ ರೇಡಿಯೋದಲ್ಲಿ ನೇರ ಕಾರ್ಯಕ್ರಮ. ಲಯನೆಲ್ ಒಂದು ಹಾಡು ಹಾಡಿ, ಇಡೀ ದೇಶದ ಮುಂದೆ ಫ್ಲೋರಿಂಡಾಳನ್ನು ಮದುವೆಯಾಗುವುದಾಗಿ ಸಾರಬೇಕು. ಮದುವೆ ಮೇ ತಿಂಗಳಲ್ಲಿ. ಮೇಕೆ ಹೂಬುಟ್ಟಿ ಹೊರುತ್ತದೆ.

ಮೇಕೆಯ ಕೊಟ್ಟಿಗೆಯಲ್ಲಿ ನಾವು ಮೂವರೂ ಸಭೆ ಸೇರಿದೆವು. ಫ್ಲೋರಿಂಡಾ ಹುಲ್ಲಿನ ಮೇಲೆ ಕೂತಳು, ಮಿನುಗುವ ಉಡುಪಿನಲ್ಲೇ.

“ಒಪ್ಕೊಂಡ್ರೆ ಇಬ್ಬರು ಗಂಡಂದಿರು, ಜೈಲು. ಒಲ್ಲೆ ಅಂದ್ರೆ ಯಾಕೆ ಅಂತ ಕೆದಕ್ತಾರೆ, ವಾಲ್ಟ್ ಸಿಕ್ತಾನೆ, ಮಗು ಸಿಗುತ್ತೆ. ಸಿನಿಮಾ ಬಿಟ್ಬಿಡ್ತೀನಿ ಕಣೋ ಎಲ್ಮರ್, ಮನೇಲಿರ್ತೀನಿ.”

“ಬಿಟ್ಟು ಇರ್ತೀಯಾ?”

“ಏಳು ವರ್ಷದೋಳಿದ್ದಾಗಿಂದ ಕುಣೀತಿದೀನಿ. ಪಾತ್ರೆ ತೊಳೆಯೋವಾಗ್ಲೂ ಕಾಲು ನಿಲ್ಲಲ್ಲ. ವಾಲ್ಟ್ ಬೈಯಲ್ಲ, ಕೆಳಗಿನ ಮನೆಯೋರು ಬೈತಾರೆ.”

ಲಯನೆಲ್ ನನ್ನತ್ತ ನೋಡಿದ. “ಏನಾದ್ರೂ ಹೊಳೆಯುತ್ತಾ, ಓಪಲ್?”

ಅವನು ನನ್ನ ಹೆಸರು ಹಿಡಿದು, ದನಿ ತೆಗೆದು ಕರೆದದ್ದು ಇದೇ ಮೊದಲು. ಜೀವನದಲ್ಲಿ ಮೊದಲ ಬಾರಿ ಒಂದು ಕೀಟಲೆಯೂ ಹೊಳೆಯದೆ ಮೇಕೆಯ ಮುಖ ನೋಡುತ್ತ ನಿಂತಿದ್ದೆ.

ಏಪ್ರಿಲ್ 8, ಗುರುವಾರ

ಏನೂ ಹೊಳೆಯಲಿಲ್ಲ. ಪೈ ರುಚಿಸಲಿಲ್ಲ.

ಏಪ್ರಿಲ್ 10, ಶನಿವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಸಂಜೆ ಐದು ಗಂಟೆ. ನ್ಯೂಯಾರ್ಕಿನಲ್ಲಿ ಊಟ ಮುಗಿದ ಹೊತ್ತು, ಇಲ್ಲಿನ್ನೂ ಬಿಸಿಲು. ದೊಡ್ಡ ಸೆಟ್ಟಿನ ತುಂಬ ಪತ್ರಿಕೆಯವರು. ವೇದಿಕೆಯ ಮೇಲೆ ಮೈಕು, ಒಂದು ಕಡೆ ಫ್ಲೋರಿಂಡಾ, ಇನ್ನೊಂದು ಕಡೆ ರಿಬ್ಬನ್ ಕಟ್ಟಿಕೊಂಡ ಗಬ್, ನಡುವೆ ಲಯನೆಲ್. ಅಭ್ಯಾಸಬಲದಿಂದ ನನ್ನ ಸ್ಟೂಲನ್ನು ಎದುರಿಗೇ ಹಾಕಿಕೊಂಡಿದ್ದೆ.

ವಾದ್ಯವೃಂದ ಶುರುವಾಯಿತು. ಲಯನೆಲ್ ಬಾಯಿ ತೆರೆದ. ತುಟಿ ಸೊಗಸಾಗಿ ಆಡಿತು, ಹುಬ್ಬು ಏರಿತು, ಕೈ ಎದೆಗೆ ಹೋಯಿತು. ದನಿ ಬರಲಿಲ್ಲ.

ಆರು ವರ್ಷ ಪ್ಲೇಟಿಗೆ ಬಾಯಿ ಆಡಿಸಿದವನು. ವಾದ್ಯ ಕೇಳಿಸಿದ ಕೂಡಲೇ ಹಾಡುವ ಕೆಲಸ ಪ್ಲೇಟಿನದು ಎಂದು ಅವನ ಗಂಟಲು ರಜೆ ಹಾಕಿಬಿಟ್ಟಿತ್ತು. ಹೇಝಲ್ ಅಂತೂ ಇಲ್ಲದ ಯಂತ್ರದ ಕಡೆ ಓಡಿದಳು. ಇಡೀ ಅಮೆರಿಕ ರೇಡಿಯೋದ ಮುಂದೆ ಕೂತು ಪಿಟೀಲು ಕೇಳಿಸಿಕೊಳ್ಳುತ್ತಿತ್ತು.

ಎರಡನೇ ಸಾಲಿಗೆ ಅವನಿಗೇ ಗೊತ್ತಾಯಿತು. ಗೊತ್ತಾದದ್ದು ಅವನ ಕಣ್ಣಲ್ಲಿ ಕಂಡಿತು. ದನಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ನನ್ನತ್ತ ನೋಡಿದ. ಆಮೇಲೆ ಅವನ ತುಟಿಯ ಮೇಲೆ ಬಂದದ್ದು ಹಾಡಿನ ಸಾಲಲ್ಲ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಬಿಬ್ ನನ್ನ ತೋಳು ಹಿಡಿದು ವೇದಿಕೆಗೆ ದರದರನೆ ಎಳೆದೊಯ್ದರು. “ಏನಂತಿದಾನೆ? ಮೈಕಿಗೆ ಹೇಳಮ್ಮ, ದೇಶ ಕಾಯ್ತಿದೆ.”

ಮೈಕಿನ ಮುಂದೆ ನಿಂತೆ. ನನ್ನ ಬಾಯಿಂದ ತಾನಾಗಿ ಬಂದದ್ದು ಇದು:

“ಮಹನೀಯರೇ, ಮಹಿಳೆಯರೇ. ಲಯನೆಲ್ ಫೇರ್ ಅವರ ಗಂಟಲು ಭಾವೋದ್ವೇಗದಿಂದ ಕಟ್ಟಿಕೊಂಡಿದೆ. ಅವರ ತುಟಿಗಳ ಅಧಿಕೃತ ಕಾವಲುಗಾರ್ತಿಯಾದ ನಾನು ಓದಿ ಹೇಳುತ್ತೇನೆ. ಅವರು ಹೇಳುತ್ತಿರುವುದೇನೆಂದರೆ: ಕುಮಾರಿ ಫ್ಲೋರಿಂಡಾ ವೇಲ್ ಅವರನ್ನು ಮದುವೆಯಾಗುವ ಭಾಗ್ಯ ನನಗಿಲ್ಲ. ನನ್ನ ಮೇಕೆ ಒಪ್ಪುತ್ತಿಲ್ಲ.”

ಪಿಟೀಲು ನಿಂತಿತು. ಆ ಮೌನದಲ್ಲಿ ಗಬ್ ತಲೆಯೆತ್ತಿ ದೀರ್ಘವಾಗಿ ‘ಮ್ಯಾ’ ಎಂದಿತು. ಇವತ್ತು ವೇದಿಕೆಯ ಮೇಲೆ ಸ್ವಂತ ದನಿಯಲ್ಲಿ ನುಡಿದ ಮೊದಲ ತಾರೆ ಅದು.

ಯಾರೋ ನಕ್ಕರು. ಆಮೇಲೆ ಎಲ್ಲರೂ. ಫ್ಲೋರಿಂಡಾ ಮೈಕಿಗೆ ಬಂದಳು, ಕಣ್ಣಂಚಿಗೆ ಕರವಸ್ತ್ರ ಒತ್ತಿಕೊಂಡು.

“ನನಗೂ ಅನುಮಾನ ಇತ್ತು. ನನ್ನ ಕಂಡ್ರೆ ಅದಕ್ಕಾಗಲ್ಲ. ಮನೇಲಿ ಮೊದಲಿದ್ದವರ ಮನಸ್ಸು ನೋಯಿಸಿ ನಾನು ಕಾಲಿಡಲಾರೆ. ಗಬ್, ಅವರನ್ನ ಚೆನ್ನಾಗಿ ನೋಡ್ಕೋ.”

ಹೆಂಗಸರು ಅಳತೊಡಗಿದರು. ಲಯನೆಲ್ ಮೊಣಕಾಲೂರಿ ಮೇಕೆಯ ಕತ್ತು ತಬ್ಬಿ ಮುಖ ಮುಚ್ಚಿಕೊಂಡ. ಅವನ ಭುಜ ಕುಲುಕುತ್ತಿತ್ತು. ಅದು ನಗು ಎಂದು ನನಗೆ ಗೊತ್ತು, ಮೇಕೆಗೂ ಗೊತ್ತು.

ಬಿಬ್ ಮುಖ ಬಿಳಿಚಿತ್ತು. ಸೋಮವಾರ ನನ್ನನ್ನು ಮನೆಗೆ ಕಳಿಸುತ್ತಾರೆ.

ಏಪ್ರಿಲ್ 12, ಸೋಮವಾರ

ಕಳಿಸಲಿಲ್ಲ. ಬಿಬ್ ಅವರ ಕೋಣೆಯಲ್ಲಿ ತಂತಿ ಸಂದೇಶಗಳು ಬುಟ್ಟಿಗಟ್ಟಲೆ ಬಂದು ಬಿದ್ದಿದ್ದವು, ಎಲ್ಲವೂ ಮೇಕೆಯ ವಿಳಾಸಕ್ಕೆ. ಓಹಾಯೋದ ಒಬ್ಬ ಹೆಂಗಸು ಅದಕ್ಕೆ ಸ್ವೆಟರ್ ಹೆಣೆಯುತ್ತಿದ್ದಾಳಂತೆ.

“ಮದುವೆ ಅಂದ್ರೆ ಒಂದು ವಾರದ ಸುದ್ದಿ ಕಣಮ್ಮ. ಮೇಕೆ ಅಂದ್ರೆ ವರ್ಷಪೂರ್ತಿ,” ಎಂದರು, ಕಣ್ಣಲ್ಲಿ ನೀರಾಡಿಸುತ್ತ. ಮುಂದಿನ ಚಿತ್ರದಲ್ಲಿ ಲಯನೆಲ್, ಫ್ಲೋರಿಂಡಾ, ಗಬ್, ಮೂವರ ಹೆಸರಿಗೂ ಪೋಸ್ಟರಿನಲ್ಲಿ ಒಂದೇ ಅಳತೆಯ ಅಕ್ಷರ. ಫ್ಲೋರಿಂಡಾಳ ‘ಒಡೆದ ಹೃದಯ’ಕ್ಕೆ ವಿಶ್ರಾಂತಿ ಬೇಕೆಂದು ಎರಡು ವಾರ ರಜೆ ಕೊಟ್ಟಿದ್ದಾರೆ. ಅವಳು ಸ್ವಿಟ್ಜರ್ಲೆಂಡಿಗೆ ಹೋದಳು. ಅಂದರೆ ಗ್ಲೆಂಡೇಲಿಗೆ.

ಸಂಜೆ ಲಯನೆಲ್ ಸ್ಟೂಲಿನ ಹತ್ತಿರ ಬಂದ. ಬಹಳ ಹೊತ್ತು ಮೇಕೆಯ ಹಗ್ಗಕ್ಕೆ ಗಂಟು ಹಾಕಿದ, ಬಿಚ್ಚಿದ.

“ಮೊನ್ನೆ ನಾನಂದಿದ್ದು ಓದಿದೆಯಾ?”

“ಓದಿದೆ.”

“ಮತ್ತೆ? ಏನಂತೀಯ?”

“ಆಗಲಿ.”

ಅವನ ಮುಖ ನೋಡಬೇಕಿತ್ತು. ಭಾನುವಾರ ಕಡಲ ದಂಡೆಗೆ ಹೋಗೋಣ, ಗಬ್ ಕೂಡ ಬರುತ್ತದೆ ಎಂದ. ಪೈ ನಾನು ತರಬೇಕಂತೆ.

ಈಗ ತಪ್ಪೊಪ್ಪಿಗೆ. ಅವನ ತುಟಿಯ ಮೇಲೆ ಕಂಡದ್ದು ಇಷ್ಟು: ‘ಓಪಲ್, ನನ್ನ ವಿಷಯ ಬರೀಬೇಡ.’

ಅಥವಾ: ‘ಓಪಲ್, ನನ್ನ ವಿಷಯ ಮರೀಬೇಡ.’

ಮುಚ್ಚಿ ತೆರೆದ ತುಟಿ. ದೇಶಕ್ಕೆಲ್ಲ ಮೇಕೆಯನ್ನು ಓದಿ ಹೇಳಿದ ನನಗೆ ಆ ಒಂದಕ್ಷರ ಯಾವುದೆಂದು ತಿಳಿಯಲಿಲ್ಲ. ಕೇಳಬಹುದಿತ್ತು. ತುಟಿಗಾವಲುಗಾರ್ತಿಯ ಮಾನದ ಪ್ರಶ್ನೆ. ಅಲ್ಲದೆ ಅವನು ಅಷ್ಟು ಖುಷಿಯಲ್ಲಿದ್ದ.

ಒಪ್ಪಿಕೊಂಡದ್ದಂತೂ ಆಯ್ತು. ಯಾವುದಕ್ಕೆ ಒಪ್ಪಿದೆ ಎಂದು ಗೊತ್ತಿಲ್ಲದಿದ್ದರೆ ಎರಡನ್ನೂ ಪಾಲಿಸುವುದೇ ಕ್ಷೇಮ. ಮರೆಯುವುದಿಲ್ಲ. ಇನ್ನು ಮುಂದೆ, ಈ ಕ್ಷಣದಿಂದಲೇ, ಬರೆಯುವುದೂ—